ಕರೆ ಯಾರಿಗೆ, ವಿನಾಯಿತಿ ಯಾರಿಗೆ: ಕಡ್ಡಾಯ ಸೇನಾ ಸೇವೆಯ ಹಳೆಯ ಜಗಳ

ಉಕ್ರೇನ್ 2024ರ ಏಪ್ರಿಲ್‌ನಲ್ಲಿ ಕಡ್ಡಾಯ ಸೇನಾಭರ್ತಿಯ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿತು. ಅದೇ ಜೂನ್‌ನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟು, ಧರ್ಮಪಾಠಶಾಲೆಗಳಲ್ಲಿ ಓದುವ ಸಂಪ್ರದಾಯನಿಷ್ಠ ಯೆಹೂದಿ ಯುವಕರನ್ನು ಸೇನೆಯಿಂದ ಹೊರಗಿಡಲು ಕಾನೂನಿನ ಆಧಾರವಿಲ್ಲವೆಂದು ತೀರ್ಪಿತ್ತಿತು. ಕಾರ್ಯಪ್ಪನವರು ಹುಟ್ಟಿದ ಶನಿವಾರಸಂತೆಯೂ ತಿಮ್ಮಯ್ಯನವರು ಹುಟ್ಟಿದ ಮಡಿಕೇರಿಯೂ ಇರುವ ಜಿಲ್ಲೆಯಲ್ಲಿ ಕುಳಿತು ಇಂಥ ಸುದ್ದಿ ಓದುವವರಿಗೆ, ಮಿಲಿಟರಿಗೆ ಸೇರಲು ಒತ್ತಾಯವೇಕೆ ಬೇಕು ಎನ್ನಿಸುವುದು ಸಹಜ. ಆದರೆ ಒತ್ತಾಯವು ಕೊಡಗಿಗೆ ಅಪರಿಚಿತವಲ್ಲ.

ಅರಸರ ಕಾಲದ ಜಮ್ಮಾ ಹಿಡುವಳಿಯೇ ಒಂದು ಬಗೆಯ ಸೇವಾ ಕರಾರು. ಭೂಮಿಯ ಮೇಲೆ ವಂಶಪಾರಂಪರ್ಯದ ಹಕ್ಕು, ಪೂರ್ತಿ ಕಂದಾಯ ಕಟ್ಟಬೇಕಾದ ‘ಸಾಗು’ ಜಮೀನಿನ ಅರ್ಧದಷ್ಟೇ ಕಂದಾಯ. ಅದಕ್ಕೆ ಪ್ರತಿಯಾಗಿ ಅರಸ ಕರೆದಾಗ ಆಯುಧ ಹಿಡಿದು ಹೊರಡಬೇಕು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು ಈ ಹಿಡುವಳಿಯನ್ನು ಉಳಿಸಿಕೊಂಡರು. ಕೈಲ್ ಮುಹೂರ್ತದ ದಿನ ಪೂಜೆಗೊಳ್ಳುವ ಕೋವಿಗೆ ಪರವಾನಗಿಯಿಂದ ಸಿಕ್ಕ ವಿನಾಯಿತಿಯೂ ಬ್ರಿಟಿಷರ ಕಾಲದ್ದೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಅದನ್ನು ಕೇಂದ್ರ ಸರಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. ಆ ಕರಾರನ್ನು ನ್ಯಾಯವೆನ್ನಲು ನಾನು ಸಿದ್ಧನಿಲ್ಲ, ಅರಸನನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇರಲಿಲ್ಲ. ಆದರೂ ಅದರಲ್ಲಿ ಹೊರೆ ಬಿದ್ದದ್ದು ಭೂಮಿ ಉಳ್ಳವನ ಹೆಗಲ ಮೇಲೆ.

ಪ್ರಜಾಪ್ರಭುತ್ವಗಳಲ್ಲಿ ಜಗಳ ಎದ್ದದ್ದು ಇದು ತಿರುವುಮುರುವಾದಾಗ. ಅಮೆರಿಕದ ಅಂತರ್ಯುದ್ಧದಲ್ಲಿ 1863ರ ಕಾಯ್ದೆಯು 300 ಡಾಲರ್ ಕಟ್ಟಿದವನಿಗೆ ಸೇನೆಯಿಂದ ಬಿಡುಗಡೆ ಕೊಟ್ಟಿತು. ಕೂಲಿಕಾರನಿಗೆ ಅದು ಹೆಚ್ಚುಕಡಿಮೆ ವರ್ಷದ ದುಡಿಮೆ. ಆ ಜುಲೈನಲ್ಲಿ ನ್ಯೂಯಾರ್ಕ್ ನಗರ ಹಲವು ದಿನ ಹೊತ್ತಿ ಉರಿಯಿತು, ನೂರಕ್ಕೂ ಹೆಚ್ಚು ಜನ ಸತ್ತರು. ಬಡವರ ಆ ಸಿಟ್ಟು ಸರಕಾರವನ್ನು ಬಿಟ್ಟು ತಮಗಿಂತ ದುರ್ಬಲರಾದ ಕರಿಯರ ಮೇಲೆ ತಿರುಗಿದ್ದು ಆ ಘಟನೆಯ ಅತ್ಯಂತ ಕೆಟ್ಟ ಭಾಗ. ನೂರು ವರ್ಷಗಳ ನಂತರ ವಿಯೆಟ್ನಾಂ ಯುದ್ಧದಲ್ಲಿ ಹಣದ ಜಾಗದಲ್ಲಿ ಕಾಲೇಜು ಬಂತು: ಓದುತ್ತಿರುವವರಿಗೆ ಕರೆ ಮುಂದೂಡಲ್ಪಡುತ್ತಿತ್ತು. 1969ರ ಡಿಸೆಂಬರ್‌ನಲ್ಲಿ ಹುಟ್ಟಿದ ದಿನಾಂಕಗಳನ್ನು ಚೀಟಿ ಎತ್ತಿ ಆರಿಸುವ ಪದ್ಧತಿ ತಂದರೂ ಅಸಮಾಧಾನ ತಣಿಯದೆ, 1973ರಲ್ಲಿ ಕಡ್ಡಾಯ ಭರ್ತಿಯೇ ನಿಂತಿತು.

ಬ್ರಿಟನ್ ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಸಂಸತ್ತಿನ ಮೂಲಕವೇ ಕಡ್ಡಾಯ ಸೇವೆಯನ್ನು ತಂದಿತು. ಮನಸ್ಸಾಕ್ಷಿಯ ಕಾರಣಕ್ಕೆ ಒಲ್ಲೆನೆನ್ನುವವರಿಗಾಗಿ ವಿಚಾರಣಾ ಮಂಡಳಿಗಳನ್ನೂ ಇಟ್ಟಿತು. ಆಸ್ಟ್ರೇಲಿಯಾ ಮಾಡಿದ್ದು ಇದಕ್ಕಿಂತ ಧೈರ್ಯದ ಕೆಲಸ. ಹೊರದೇಶದ ಯುದ್ಧಕ್ಕೆ ಜನರನ್ನು ಬಲವಂತವಾಗಿ ಕಳಿಸಬಹುದೇ ಎಂದು ಪ್ರಧಾನಿ ಬಿಲ್ಲಿ ಹ್ಯೂಸ್ 1916ರ ಅಕ್ಟೋಬರ್‌ನಲ್ಲಿ ಜನರನ್ನೇ ಕೇಳಿದರು. ಕಾರ್ಮಿಕ ಸಂಘಗಳೂ ಐರಿಷ್ ಮೂಲದ ಹಲವು ಕ್ಯಾಥೊಲಿಕರೂ ವಿರೋಧಿಸಿದರು. ಆಳುಗಳೆಲ್ಲ ಹೋದರೆ ಕೊಯ್ಲಿನ ಗತಿಯೇನೆಂಬ ಚಿಂತೆ ರೈತರದ್ದು (ಕಾಫಿ ಹಣ್ಣು ಕೊಯ್ಯಲು ಜನ ಸಿಗದ ಕಷ್ಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ). ಸುಮಾರು 72,000 ಮತಗಳ ಅಂತರದಲ್ಲಿ ‘ಬೇಡ’ ಗೆದ್ದಿತು; ರಣರಂಗದಲ್ಲಿದ್ದ ಸೈನಿಕರಲ್ಲೂ ಬಹಳ ಮಂದಿ ಹಾಗೆಯೇ ಮತ ಹಾಕಿದ್ದರು. 1917ರ ಡಿಸೆಂಬರ್‌ನಲ್ಲಿ ಮತ್ತೆ ಕೇಳಿದಾಗ ಸೋಲಿನ ಅಂತರ ಹೆಚ್ಚಿತು. ಸ್ವಂತ ಇಚ್ಛೆಯಿಂದ ಯುದ್ಧಕ್ಕೆ ಹೋದವನೂ ಇನ್ನೊಬ್ಬನನ್ನು ಎಳೆದು ತರಲು ಒಪ್ಪದಿರಬಹುದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ನನಗೆ ಕಂಡಿಲ್ಲ.

ಭಾರತದಲ್ಲಿ ಅದೇ 1917ರಲ್ಲಿ ಬಂದ ರಕ್ಷಣಾ ಪಡೆ ಕಾಯ್ದೆಯ ಕಡ್ಡಾಯ ಅನ್ವಯಿಸಿದ್ದು ಯುರೋಪಿಯನ್ ಬ್ರಿಟಿಷ್ ಪ್ರಜೆಗಳಿಗೆ ಮಾತ್ರ. ಅಂದರೆ ಬ್ರಿಟಿಷ್ ಆಳ್ವಿಕೆಯ ಕೊಡಗಿನಲ್ಲಿ ಆ ಕಾಯ್ದೆಯ ಕಡ್ಡಾಯ ತಟ್ಟುವಂತಿದ್ದುದು ಕಾಫಿ ತೋಟದ ದೊರೆಗಳಂಥವರಿಗೆ, ತೋಟದ ಆಳಿಗಲ್ಲ. ಎರಡನೆಯ ಮಹಾಯುದ್ಧದಲ್ಲೂ ಸುಮಾರು 25 ಲಕ್ಷ ಭಾರತೀಯರು ಸೇನೆಗೆ ಬಂದದ್ದು ಕಡ್ಡಾಯ ಭರ್ತಿಯ ಕಾನೂನಿಲ್ಲದೆ. ಆದರೆ ಅವರಲ್ಲಿ ಎಷ್ಟೋ ಜನರನ್ನು ತಂದದ್ದು ಹಸಿವು.

ಸ್ವತಂತ್ರ ಭಾರತ ಕಡ್ಡಾಯ ಸೇವೆಯ ದಾರಿಯನ್ನು ಮುಚ್ಚಿಲ್ಲ. 1962ರ ಚೀನಾ ಯುದ್ಧದ ಮರುವರ್ಷ ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಯಿತು, 1968ರಲ್ಲಿ ಮತ್ತೆ ಐಚ್ಛಿಕವಾಯಿತು. 2022ರ ಅಗ್ನಿಪಥ ಯೋಜನೆ ಸೇವೆಯನ್ನು ನಾಲ್ಕು ವರ್ಷಕ್ಕೆ ಇಳಿಸಿದರೂ ಒತ್ತಾಯದ ಮಾತೆತ್ತಲಿಲ್ಲ. ಬಿಟ್ಟಿ ಚಾಕರಿಯನ್ನು ನಿಷೇಧಿಸುವ ಸಂವಿಧಾನದ 23ನೇ ವಿಧಿಯ ಎರಡನೆಯ ಖಂಡ ಮಾತ್ರ ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆ ವಿಧಿಸುವ ಅಧಿಕಾರವನ್ನು ಸರಕಾರಕ್ಕೆ ಉಳಿಸಿದೆ. ಹಾಗೆ ವಿಧಿಸುವಾಗ ಕೇವಲ ಧರ್ಮ, ಜನಾಂಗ, ಜಾತಿ, ವರ್ಗಗಳ ಆಧಾರದಲ್ಲಿ ಭೇದ ಮಾಡಕೂಡದೆಂಬ ಷರತ್ತೂ ಅಲ್ಲಿದೆ. ಸ್ತ್ರೀ-ಪುರುಷ ಭೇದ ಮಾತ್ರ ಆ ಪಟ್ಟಿಯಲ್ಲಿಲ್ಲ.