ನಡುಮನೆಯಲ್ಲಿ ಐದೇ ಏಕೆ?

ಮನೆಗಳಲ್ಲಿ ಬೇರೆ ಬೇರೆ ಸಂಖ್ಯೆ ತುಂಬಿ, ಅಡ್ಡ, ಉದ್ದ, ಕರ್ಣ ಯಾವ ಸಾಲು ಕೂಡಿದರೂ ಒಂದೇ ಮೊತ್ತ ಬರುವ ಚೌಕವೇ ಮಾಯಾಚೌಕ. ಅದನ್ನು ಕಲಿಸುವಾಗ ತುಂಬಿದ ಚೌಕವನ್ನು ನಾನು ಮೊದಲು ತೋರಿಸುವುದಿಲ್ಲ. ‘1ನ್ನು ಮೇಲಿನ ಸಾಲಿನ ನಡುವೆ ಇಟ್ಟು ಓರೆಯಾಗಿ ಹೋಗು’ ಎಂಬ ಸೂತ್ರವನ್ನೂ ಹೇಳಿಕೊಡುವುದಿಲ್ಲ. ಸೂತ್ರದಿಂದ ಚೌಕ ತುಂಬುತ್ತದೆ ನಿಜ, ಆದರೆ ಮಗುವಿಗೆ ಯೋಚಿಸಲು ಏನೂ ಉಳಿಯುವುದಿಲ್ಲ.

ಖಾಲಿ ಒಂಬತ್ತು ಮನೆ ಬರೆಯಿರಿ. 1ರಿಂದ 9ರವರೆಗೆ ಕೂಡಿದರೆ 45. ಮೂರು ಅಡ್ಡಸಾಲು ಸಮ ಇರಬೇಕಾದರೆ ಒಂದೊಂದಕ್ಕೆ 15. ಇನ್ನು ನಡುಮನೆ ನೋಡಿ. ಅದರ ಮೂಲಕ ನಾಲ್ಕು ಸಾಲು ಹಾಯುತ್ತವೆ: ಒಂದು ಅಡ್ಡ, ಒಂದು ಉದ್ದ, ಎರಡು ಕರ್ಣ. ನಾಲ್ಕನ್ನೂ ಕೂಡಿದರೆ 60. ಇದರಲ್ಲಿ ಬೇರೆ ಮನೆಗಳೆಲ್ಲ ಒಂದೊಂದು ಸಲ ಬಂದಿವೆ, ನಡುಮನೆ ಮಾತ್ರ ನಾಲ್ಕು ಸಲ. ಅಂದರೆ 45ರ ಮೇಲೆ ಬಂದಿರುವ 15 ನಡುಮನೆಯ ಮೂರು ಪಟ್ಟು. ಅಲ್ಲಿಗೆ 5 ಬಿಟ್ಟು ಬೇರೆ ಯಾವುದೂ ಕೂರುವುದಿಲ್ಲ. ಊಹೆಯೇ ಬೇಡ! ಈ ಲೆಕ್ಕ ಹೊಳೆದ ಮಗುವಿನ ಮುಖ ನೋಡುವುದು ನನ್ನ ಕೆಲಸದ ದೊಡ್ಡ ಖುಷಿ.

1 ಮೂಲೆಗೆ ಬರಬಹುದಾ? ಮೂಲೆಮನೆ ಮೂರು ಸಾಲುಗಳಿಗೆ ಸೇರಿದ್ದು. 1ಕ್ಕೆ ಜೊತೆಯಾಗಿ 14 ಕೊಡುವ ಜೋಡಿಗಳು ಎರಡೇ: 9 ಮತ್ತು 5, 8 ಮತ್ತು 6. ಹಾಗಾಗಿ 1 ಬದಿಯಲ್ಲೇ ಇರಬೇಕು. ಹೀಗೇ ನೋಡುತ್ತಾ ಹೋದರೆ ಮೂಲೆಗಳಿಗೆ 2, 4, 6, 8 ಬರುತ್ತವೆ.

2 7 6
9 5 1
4 3 8

ತಿರುಗಿಸಿದರೂ ಕನ್ನಡಿಯಲ್ಲಿ ನೋಡಿದರೂ ಇದೇ ಚೌಕ. ಬೇರೆ ಇಲ್ಲ.

ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಒಂದು ಮಾತು. ಮೂರರ ಚೌಕ ಯಾವ ಸಂಖ್ಯೆಗಳದ್ದೇ ಇರಲಿ, ಮೊತ್ತ ನಡುಮನೆಯ ಮೂರು ಪಟ್ಟೇ. ಇನ್ನೊಂದು ಗುಣ ಅಷ್ಟಾಗಿ ಯಾರೂ ಹೇಳಿಕೊಡುವುದಿಲ್ಲ: ಮೂಲೆಯ ಸಂಖ್ಯೆಯ ಎರಡು ಪಟ್ಟು, ಆ ಮೂಲೆಗೆ ತಾಗದ ಎರಡು ಬದಿಮನೆಗಳ ಮೊತ್ತಕ್ಕೆ ಸಮ. ಮೇಲೆ 2ರ ಮೂಲೆಗೆ ತಾಗದವು 1 ಮತ್ತು 3. ಮೊತ್ತ 4, ಸರಿ ಅಲ್ವಾ? ಎರಡು ಬದಿಮನೆ ಕೊಟ್ಟರೆ ಸಾಕು, ಮೂಲೆ ಸಿಕ್ಕಿಬಿಡುತ್ತದೆ.

ನಾಲ್ಕರ ಚೌಕಕ್ಕೆ ದಾರಿ ಬೇರೆ. 1356ರಲ್ಲಿ ‘ಗಣಿತಕೌಮುದಿ’ ಬರೆದ ನಾರಾಯಣ ಪಂಡಿತ ಅದರಲ್ಲಿ ಮಾಯಾಚೌಕಕ್ಕೇ ಒಂದು ಅಧ್ಯಾಯ ಇಟ್ಟ. ಒಂದು ಸಾಲಿನ ಮನೆಗಳ ಎಣಿಕೆ ನಾಲ್ಕರಿಂದ ಭಾಗವಾಗುವ ಚೌಕ, ಎರಡರಿಂದ ಮಾತ್ರ ಭಾಗವಾಗುವ ಚೌಕ, ಬೆಸ ಚೌಕ ಎಂದು ಬೇರೆ ಬೇರೆ ಮಾಡಿದ. ಇವತ್ತಿಗೂ ನಾವು ಹಾಗೇ ವಿಂಗಡಿಸುತ್ತೇವೆ. ಎರಡನೆಯ ಬಗೆಯ ಆರರ ಚೌಕವೇ ಜಾಸ್ತಿ ಕಷ್ಟ.

ನಾಲ್ಕರದ್ದು ಸುಲಭ. 1ರಿಂದ 16ನ್ನು ಕ್ರಮವಾಗಿ ಬರೆಯಿರಿ. ಎರಡು ಕರ್ಣಗಳನ್ನು ಮುಟ್ಟಬೇಡಿ. ಉಳಿದ ಪ್ರತಿ ಸಂಖ್ಯೆಯನ್ನು 17ರಿಂದ ಕಳೆದು, ಬಂದದ್ದನ್ನು ಅಲ್ಲೇ ಇಡಿ.

1 15 14 4
12 6 7 9
8 10 11 5
13 3 2 16

ಎಲ್ಲ ಸಾಲೂ 34. ಮೊದಲ ಸಾಲಿನ ಮೊತ್ತ 10 ಇತ್ತು, 24 ಕಡಿಮೆ. 2 ಮತ್ತು 3ರ ಜಾಗಕ್ಕೆ 15 ಮತ್ತು 14 ಬಂದಾಗ ಸರಿಯಾಗಿ 24 ಹೆಚ್ಚಿತು.

ಮಧ್ಯಪ್ರದೇಶದ ಖಜುರಾಹೊದಲ್ಲಿ ಪಾರ್ಶ್ವನಾಥ ದೇವಾಲಯದ ಕಲ್ಲಿನ ಮೇಲೂ 34ರ ಚೌಕವಿದೆ.

7 12 1 14
2 13 8 11
16 3 10 5
9 6 15 4

ಇದರ ಮೇಲಿನ ಸಾಲನ್ನು ಕಿತ್ತು ಕೆಳಗಿಡಿ. ಕರ್ಣಗಳು ಆಗಲೂ 34. ನಾವು ಮಾಡಿದ ಚೌಕದಲ್ಲಿ ಹಾಗೆ ಮಾಡಿದರೆ ಒಂದು ಕರ್ಣ 28ಕ್ಕೆ ಇಳಿಯುತ್ತದೆ. ಕಲ್ಲಿನ ಚೌಕದಲ್ಲಿ ಯಾವ ಮನೆಯಿಂದಲಾದರೂ ಓರೆಯಾಗಿ ಎರಡು ಮನೆ ಹೋಗಿ, ಸಿಕ್ಕ ಸಂಖ್ಯೆಯನ್ನು ಕೂಡಿ ನೋಡಿ: 7 ಮತ್ತು 10, 13 ಮತ್ತು 4, 1 ಮತ್ತು 16. ಪ್ರತಿ ಸಲವೂ 17. ಸಾಲುಗಳನ್ನು ಸರಿಸಿದರೂ ಈ ಜೋಡಿಗಳು ಬಿಡುವುದಿಲ್ಲ. ಕರ್ಣಗಳು ಉಳಿಯುವುದು ಅದಕ್ಕೇ.