ಎಷ್ಟು ಜಿಬಿ ಅನ್ನೋದು ಆಮೇಲೆ, ಮೊದಲು ಯಾವ ರ‍್ಯಾಮ್?

‘ಎಂಟು ಜಿಬಿ ರ‍್ಯಾಮ್ ಒಂದು ಕೊಡ್ರಿ.’
‘ಯಾವುದಕ್ಕ್ರಿ?’
‘ಕಂಪ್ಯೂಟರ್‌ಗೇ ರೀ!’

ಬಳ್ಳಾರಿಯ ನನ್ನ ರಿಪೇರಿ ಅಂಗಡಿಯಲ್ಲಿ ವಾರಕ್ಕೆ ಎರಡು ಸಲವಾದರೂ ಈ ಮಾತುಕತೆ ಆಗುತ್ತದೆ. ರ‍್ಯಾಮ್ ಅಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ಮೆಮೊರಿ, ಜಿಬಿ ಅದರ ಅಳತೆ. ಕಿರಾಣಿ ಅಂಗಡಿಯಲ್ಲಿ ಎರಡು ಕೆಜಿ ಸಕ್ಕರೆ ಕೇಳಿದ ಹಾಗೆ ಜಿಬಿ ಕೇಳುತ್ತಾರೆ. ತಪ್ಪು ಅವರದ್ದಲ್ಲ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣೋದು ಅದೊಂದೇ. ಆದರೆ ನಾನು ಜಿಬಿ ವಿಷಯಕ್ಕೆ ಬರೋದು ಎಲ್ಲಕ್ಕಿಂತ ಕೊನೆಗೆ.

ಹೋದ ಬೇಸಿಗೆಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ನಡೆಸುವ ಒಬ್ಬರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಪ್ಯಾಂಟಿನ ಲೇಬಲ್, ಟ್ಯಾಗ್ ಎಲ್ಲ ಅದರಲ್ಲೇ ಡಿಸೈನ್ ಮಾಡುತ್ತಾರೆ. ಕೋರೆಲ್‌ಡ್ರಾ ತೆರೆಯುವಷ್ಟರಲ್ಲಿ ಒಂದು ಚಹಾ ಕುಡಿದು ಮುಗಿಯುತ್ತದೆ ಅಂತ ಅವರ ದೂರು. ಜೇಬಿನಿಂದ ಒಂದು ಸ್ಟಿಕ್, ಅಂದರೆ ರ‍್ಯಾಮ್ ಚಿಪ್ಪುಗಳಿರುವ ಪಟ್ಟಿ, ತೆಗೆದರು. ಆನ್‌ಲೈನಲ್ಲಿ ತರಿಸಿದ ಹೊಸ 8 ಜಿಬಿ ಡಿಡಿಆರ್4. ಡಿಡಿಆರ್ ಅನ್ನೋದು ರ‍್ಯಾಮಿನ ಬಗೆ, ಅದರ ಮುಂದಿನ ಅಂಕಿ ಪೀಳಿಗೆ. ‘ಅಣ್ಣಾ, ಕೂಡ್ತಾನೇ ಇಲ್ಲ. ನಮ್ಮ ತಮ್ಮ ಜೋರಾಗಿ ಒತ್ತಿನೂ ನೋಡಿದ’ ಅಂದರು. ‘ಒತ್ತಿ’ ಅನ್ನೋ ಪದ ಕೇಳಿದ ಕೂಡಲೇ ನನಗೆ ಎದೆ ಧಸಕ್ ಅಂತು.

ಹಿಂದಿನ ಮುಚ್ಚಳ ಬಿಚ್ಚಿ ಹಳೆಯ ಸ್ಟಿಕ್ ತೆಗೆದೆ. ಪುಣ್ಯಕ್ಕೆ ಸ್ಲಾಟ್ ಮುರಿದಿರಲಿಲ್ಲ. ಎರಡೂ ಸ್ಟಿಕ್ಕುಗಳನ್ನು ಒಂದರ ಮೇಲೊಂದು ಇಟ್ಟು ಅವರಿಗೆ ತೋರಿಸಿದೆ. ಕೆಳಗಿನ ಅಂಚಿನಲ್ಲಿ ಬಂಗಾರದ ಬಣ್ಣದ ಪಿನ್ನುಗಳ ನಡುವೆ ಒಂದು ಸಣ್ಣ ಕಚ್ಚು ಇರುತ್ತದೆ. ಅವರ ಹಳೆಯದರಲ್ಲಿ ಅದು ಸಾಕಷ್ಟು ಒಂದು ಪಕ್ಕಕ್ಕಿತ್ತು, ಹೊಸದರಲ್ಲಿ ಮಧ್ಯದ ಹತ್ತಿರ. ಉದ್ದದಲ್ಲೂ ಹೊಸದು ಒಂದೆರಡು ಮಿಲಿಮೀಟರ್ ಜಾಸ್ತಿ. ಹಳೆಯದು ಡಿಡಿಆರ್3ಎಲ್. ಇನ್ನೆಷ್ಟು ಒತ್ತಿದರೂ ಅದರ ಜಾಗದಲ್ಲಿ ಡಿಡಿಆರ್4 ಕೂಡುವುದಿಲ್ಲ. ತಪ್ಪು ರ‍್ಯಾಮ್ ಒಳಗೆ ಹೋಗಬಾರದು ಅಂತಲೇ ಆ ಕಚ್ಚನ್ನು ಬೇರೆ ಬೇರೆ ಜಾಗದಲ್ಲಿ ಇಟ್ಟಿರೋದು.

‘ನನ್ನ ಗೆಳೆಯನ ಹತ್ರನೂ 6ನೇ ಜನರೇಶನ್ ಐ5 ಐತಿ, ಅವನಿಗೆ ಡಿಡಿಆರ್4 ಹಾಕ್ಯಾರಲ್ಲ?’ ಅಂತ ಕೇಳಿದರು. ಸರಿಯಾದ ಪ್ರಶ್ನೆನೇ. ಇಂಟೆಲ್‌ನ 6ನೇ ಜನರೇಶನ್ ಪ್ರೊಸೆಸರ್ ಎರಡನ್ನೂ ಒಪ್ಪುತ್ತದೆ. ಒಂದು ಕಂಪನಿ ಡಿಡಿಆರ್4 ಸ್ಲಾಟ್ ಕೊಟ್ಟಿತು, ಇನ್ನೊಂದು ಖರ್ಚು ಉಳಿಸಲು ಡಿಡಿಆರ್3ಎಲ್ ಕೊಟ್ಟಿತು. ಪ್ರೊಸೆಸರ್ ಹೆಸರು ನೋಡಿ ರ‍್ಯಾಮ್ ಕೊಂಡರೆ ಇದೇ ಗತಿ. ಡೆಸ್ಕ್‌ಟಾಪಿನಲ್ಲಿ ಇದೇ ಕತೆ 12ನೇ ಜನರೇಶನ್‌ನಿಂದ ಮತ್ತೆ ಶುರುವಾಯಿತು. ಅವು ಡಿಡಿಆರ್4, ಡಿಡಿಆರ್5 ಎರಡಕ್ಕೂ ಹೊಂದುತ್ತವೆ, ಯಾವುದು ಅನ್ನೋದನ್ನು ಬೋರ್ಡ್, ಅಂದರೆ ಮದರ್‌ಬೋರ್ಡ್, ತೀರ್ಮಾನಿಸುತ್ತದೆ. ಇನ್ನೊಂದು ಪ್ರೊಸೆಸರ್ ಕಂಪನಿ ಎಎಮ್‌ಡಿಯ ಎಎಮ್5 ಬೋರ್ಡಿಗೆ ಮಾತ್ರ ಈ ಗೊಂದಲ ಇಲ್ಲ, ಅದಕ್ಕೆ ಡಿಡಿಆರ್5 ಒಂದೇ.

ವಿದ್ಯುತ್ತಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಡಿಡಿಆರ್3ಗೆ 1.5 ವೋಲ್ಟ್ ಬೇಕು. ಡಿಡಿಆರ್4ಗೆ 1.2, ಡಿಡಿಆರ್5ಗೆ 1.1. ಡೆಸ್ಕ್‌ಟಾಪಿನ ಉದ್ದ ಸ್ಟಿಕ್ಕಿನಲ್ಲಿ ಡಿಡಿಆರ್3ಗೆ 240 ಪಿನ್, ಡಿಡಿಆರ್4ಗೂ ಡಿಡಿಆರ್5ಗೂ 288. ಪಿನ್ನಿನ ಲೆಕ್ಕ ಒಂದೇ ಆದ ಮೇಲೆ ಅದಲುಬದಲು ಆಗುತ್ತಲ್ವಾ ಅನ್ನಬೇಡಿ. ಅಲ್ಲೂ ಕಚ್ಚಿನ ಜಾಗ ಬೇರೆ, ಒಳಗಿನ ವೈರಿಂಗೇ ಬೇರೆ.

ನಿಜವಾದ ಮೋಸ ಇರೋದು ಕಚ್ಚು ಒಂದೇ ಇದ್ದೂ ಒಳಗೆ ಬೇರೆಯಾದ ಕಡೆ. ಡಿಡಿಆರ್3 ಮತ್ತು ಡಿಡಿಆರ್3ಎಲ್ ನೋಡಲು ಅವಳಿ ಮಕ್ಕಳು. ‘ಎಲ್’ ಅಂದರೆ 1.35 ವೋಲ್ಟಿನಲ್ಲಿ ಓಡುವುದು. ಎಲ್ ಇರುವ ಸ್ಟಿಕ್ಕನ್ನು 1.5 ವೋಲ್ಟಿನ ಹಳೆಯ ಲ್ಯಾಪ್‌ಟಾಪಿಗೆ ಹಾಕಿದರೆ ಸಾಮಾನ್ಯವಾಗಿ ಸುಮ್ನೆ ಕೆಲಸ ಮಾಡುತ್ತದೆ. ತಿರುಗಾಮುರುಗಾ ಮಾಡಿದರೆ ಆಗೋದಿಲ್ಲ. 4ನೇ ಜನರೇಶನ್ ಲ್ಯಾಪ್‌ಟಾಪಿಗೆ ಬರೀ ಡಿಡಿಆರ್3 ಹಾಕಿ ಪವರ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗೇ ಇರುತ್ತದೆ. ಗಿರಾಕಿ ‘ಬೋರ್ಡ್ ಹೋತು’ ಅಂತ ತಲೆ ಮೇಲೆ ಕೈ ಇಟ್ಟುಕೊಂಡು ಬರುತ್ತಾರೆ. ರ‍್ಯಾಮ್ ಬದಲಿಸಿ ಕೊಟ್ಟರೆ ನಾನೇ ದೇವರು!

ಹಾಗಾಗಿ ಸ್ಟಿಕ್ಕಿನ ಮೇಲಿನ ಬಿಳಿ ಚೀಟಿ ಓದುವುದನ್ನು ಕಲಿಯಿರಿ. ಅದರಲ್ಲಿ ‘ಪಿಸಿ3ಎಲ್-12800ಎಸ್’ ಅಂತ ಇದೆ ಅಂದುಕೊಳ್ಳಿ. ಪಿಸಿ3 ಅಂದರೆ ಡಿಡಿಆರ್3, ಎಲ್ ಅಂದರೆ ಕಡಿಮೆ ವೋಲ್ಟ್. 12800 ಅಂದರೆ ಸೆಕೆಂಡಿಗೆ ಅಷ್ಟು ಎಮ್‌ಬಿ ಸಾಗಿಸುತ್ತದೆ. ಅದನ್ನು 8ರಿಂದ ಭಾಗಿಸಿ, 1600 ಬಂತು. ಅಂಗಡಿಯವರು ‘1600 ಬಸ್’ ಅನ್ನೋ ಸ್ಪೀಡ್ ಇದೇ. 8 ಯಾಕೆ ಅಂದರೆ, ಒಂದು ಸಲಕ್ಕೆ 64 ಬಿಟ್, ಅಂದರೆ 8 ಬೈಟ್ ಹೋಗುತ್ತದೆ. ಕೊನೆಯ ಎಸ್ ಅಂದರೆ ಲ್ಯಾಪ್‌ಟಾಪಿನ ಗಿಡ್ಡ ಸ್ಟಿಕ್. ಯು ಇದ್ದರೆ ಸಾಮಾನ್ಯ ಡೆಸ್ಕ್‌ಟಾಪಿನದ್ದು. ಆರ್ ಇದ್ದರೆ ಅದು ಸರ್ವರ್ ರ‍್ಯಾಮ್. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ 16 ಜಿಬಿ ಸ್ಟಿಕ್ ಅಗ್ಗಕ್ಕೆ ಸಿಗ್ತು ಅಂತ ಯಾರಾದರೂ ಖುಷಿಯಿಂದ ತಂದರೆ ನಾನು ಮೊದಲು ಹುಡುಕೋದು ಈ ಆರ್ ಅಕ್ಷರವನ್ನೇ. ಅದು ಡೆಸ್ಕ್‌ಟಾಪಿನ ಸ್ಲಾಟಿನಲ್ಲಿ ಸಲೀಸಾಗಿ ಕೂಡುತ್ತದೆ, ಆದರೆ ಸಾಮಾನ್ಯ ಬೋರ್ಡ್ ಅದನ್ನು ನಡೆಸೋದಿಲ್ಲ.

ಚೀಟಿ ಎಲ್ಲ ಸರಿಯಿದ್ದೂ ಕೈ ಕೊಟ್ಟ ಒಂದು ಕೇಸ್ ಹೇಳುತ್ತೇನೆ. ನಾನೇ ಎಡವಿದ್ದು. ಕೋರ್ಟಿನ ಹತ್ತಿರ ಟೈಪಿಂಗ್ ಅಂಗಡಿಯೊಂದರಲ್ಲಿ ಇಂಟೆಲ್‌ನ ಹಳೆಯ ಜಿ41 ಚಿಪ್‌ಸೆಟ್ ಬೋರ್ಡಿನ ಕಂಪ್ಯೂಟರ್ ಇತ್ತು. ದಿನವಿಡೀ ‘ನುಡಿ’ ಸಾಫ್ಟ್‌ವೇರಿನಲ್ಲಿ ಅರ್ಜಿ, ಅಫಿಡವಿಟ್ ಹೊಡೆಯುವ ಯಂತ್ರ. 4 ಜಿಬಿ ಡಿಡಿಆರ್3, ಡೆಸ್ಕ್‌ಟಾಪ್ ಸ್ಟಿಕ್, ವೋಲ್ಟ್ ಸರಿ, ಕಚ್ಚು ಸರಿ. ಹಾಕಿದೆ, ಆನ್ ಆಗಲಿಲ್ಲ. ಇನ್ನೊಂದು ಹೊಸ ಸ್ಟಿಕ್ ಹಾಕಿದೆ, ಅದೂ ಇಲ್ಲ. ಅಂಗಡಿ ಅಕ್ಕ ‘ನಿಮ್ಮ ಮಾಲೇ ಕೆಟ್ಟೈತೇನೋ’ ಅಂದರು. ಬೇರೆ ಕಂಪ್ಯೂಟರಿಗೆ ಹಾಕಿದರೆ ಎರಡೂ ಚೆನ್ನಾಗಿ ಓಡಿದವು.

ಆಮೇಲೆ ಹೊಳೀತು. ಹೊಸ ಸ್ಟಿಕ್ಕಿನಲ್ಲಿ ಒಂದೇ ಪಕ್ಕದಲ್ಲಿ ಎಂಟು ಕಪ್ಪು ಚಿಪ್ ಇದ್ದವು, ಅಂದರೆ ಒಂದೊಂದು ಚಿಪ್ಪಿನಲ್ಲಿ 512 ಎಮ್‌ಬಿ. ಜಿ41 ಹುಟ್ಟಿದ ಕಾಲದಲ್ಲಿ ಅಷ್ಟು ದಟ್ಟವಾದ ಚಿಪ್ ಇರಲಿಲ್ಲ, ಅದಕ್ಕೆ ಅದು ಅರ್ಥವೇ ಆಗೋದಿಲ್ಲ. ಒಂದು ಚಿಪ್ಪಿಗೆ 256 ಎಮ್‌ಬಿವರೆಗೆ ಮಾತ್ರ ಅದಕ್ಕೆ ಗೊತ್ತು. ಹಾಗಾದರೆ 4 ಜಿಬಿಗೆ ಹದಿನಾರು ಚಿಪ್ ಬೇಕು, ಎರಡೂ ಪಕ್ಕ ಎಂಟೆಂಟು. ಡ್ರಾ ಜಾಲಾಡಿ ಅಂಥದೊಂದು ಹಳೆಯ ಸ್ಟಿಕ್ ಹಾಕಿದೆ, ಮೊದಲ ಸಲಕ್ಕೇ ಬೀಪ್ ಅಂತು. ಚೀಟಿಯಲ್ಲಿ ‘1ಆರ್‌ಎಕ್ಸ್8’, ‘2ಆರ್‌ಎಕ್ಸ್8’ ಅಂತ ಬರೆದಿರೋದು ಈ ಸಾಲುಗಳ ಲೆಕ್ಕವೇ. ಅಲ್ಲಿವರೆಗೆ ನಾನು ಅದನ್ನು ಓದುತ್ತಲೇ ಇರಲಿಲ್ಲ.

ಬಿಚ್ಚದೆಯೇ ಗೊತ್ತಾಗಬೇಕಾ? ವಿಂಡೋಸ್ 10 ಅಥವಾ 11ರಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ. ಸ್ಪೀಡ್ ಎಷ್ಟು, ಎಷ್ಟು ಸ್ಲಾಟಿನಲ್ಲಿ ಎಷ್ಟು ತುಂಬಿದೆ ಅಂತ ತೋರಿಸುತ್ತದೆ. ಫಾರ್ಮ್ ಫ್ಯಾಕ್ಟರ್ ಮುಂದೆ ‘ರೋ ಆಫ್ ಚಿಪ್ಸ್’ ಅಂತ ಬಂದರೆ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿದೆ ಅಂತ ಅರ್ಥ. ಎಷ್ಟೋ ತೆಳ್ಳನೆ ಲ್ಯಾಪ್‌ಟಾಪುಗಳು ಈಗ ಹೀಗೇ ಬರುತ್ತವೆ. ಬೇರೆ ಸ್ಲಾಟ್ ಇಲ್ಲದಿದ್ದರೆ ಅವಕ್ಕೆ ನಾನು ಏನೂ ಮಾಡಲಾರೆ, ಕೊಳ್ಳುವ ದಿನವೇ ಜಾಸ್ತಿ ರ‍್ಯಾಮ್ ಇರೋದನ್ನು ತಗೊಬೇಕಿತ್ತು. ಕಂಪ್ಯೂಟರಿನ ಒಳಗಿನ ವಿವರ ತೋರಿಸುವ ಸಿಪಿಯು-ಜಡ್ ಸಾಫ್ಟ್‌ವೇರ್ ಹಾಕಿ ನೋಡುವವರಿಗೆ ಒಂದು ಮಾತು: ಅದು ಅರ್ಧ ಸ್ಪೀಡ್ ತೋರಿಸುತ್ತದೆ. 1600ರ ರ‍್ಯಾಮಿಗೆ 800 ಅಂತ ಬಂದರೆ ಗಾಬರಿ ಬೇಡ. ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ಸಾಗಿಸುವುದೇ ಡಿಡಿಆರ್.

2400 ಸ್ಪೀಡಿನ ಸ್ಟಿಕ್ ಜೊತೆ 3200ರದ್ದು ಹಾಕಬಹುದಾ ಅಂತ ಕೇಳುತ್ತಾರೆ. ಸಾಮಾನ್ಯವಾಗಿ ಆಗುತ್ತದೆ, ಎರಡೂ 2400ರಲ್ಲೇ ನಡೆಯುತ್ತವೆ. ಒಂದು 8 ಜಿಬಿ ಬದಲು ಎರಡು 4 ಜಿಬಿ ಹಾಕಿದರೆ ಡ್ಯುಯಲ್ ಚಾನೆಲ್ ಆಗಿ, ಅಂದರೆ ಎರಡು ದಾರಿಯಲ್ಲಿ ಒಟ್ಟಿಗೆ ಸಾಗಿ, ಸ್ವಲ್ಪ ಚುರುಕಾಗುತ್ತದೆ. ಆದರೆ ಎರಡೇ ಸ್ಲಾಟ್ ಇದ್ದರೆ ಮುಂದೆ ಹೆಚ್ಚಿಸಲು ಜಾಗ ಉಳಿಯೋದಿಲ್ಲ, ಅದಕ್ಕೆ ನಾನು ಒಂದು 8 ಹಾಕಿ ಒಂದು ಸ್ಲಾಟ್ ಖಾಲಿ ಬಿಡುವ ಪೈಕಿ. ಸ್ಟಿಕ್ ಸರಿಯಿದ್ದೂ ವಿಂಡೋಸೇ ಅಡ್ಡ ಬರುವುದೂ ಉಂಟು. ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಟ್ಯಾಲಿ ಕಂಪ್ಯೂಟರಿನಲ್ಲಿ 8 ಜಿಬಿ ಇದ್ದೂ 3 ಚಿಲ್ಲರೆ ಮಾತ್ರ ಬಳಕೆಯಾಗುತ್ತಿತ್ತು. ಒಳಗೆ 32 ಬಿಟ್ ವಿಂಡೋಸ್ 7. ಅದು 4 ಜಿಬಿಗಿಂತ ಮೇಲೆ ಹತ್ತೋದಿಲ್ಲ.

ಇನ್ನು ನಮ್ಮೂರಿನ ಕೆಂಪು ಧೂಳು. ಅದಿರಿನ ಲಾರಿ ಓಡಾಡುವ ರಸ್ತೆ ಪಕ್ಕದ ಆಫೀಸುಗಳಿಂದ ಬರುವ ಕ್ಯಾಬಿನೆಟ್ ತೆಗೆದರೆ ಒಳಗೆ ಇಟ್ಟಿಗೆ ಗೂಡು ಕಂಡ ಹಾಗಿರುತ್ತದೆ. ‘ರ‍್ಯಾಮ್ ಸತ್ತೈತಿ, ಹೊಸದು ಹಾಕ್ರಿ’ ಅಂತ ಬಂದವರಿಗೆ ನಾನು ಮೊದಲು ಮಾಡೋದು ಒಂದೇ. ಕರೆಂಟ್ ತೆಗೆದು, ಸ್ಟಿಕ್ ಬಿಚ್ಚಿ, ಪಿನ್ನುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಸ್ಲಾಟಿಗೆ ಬ್ರಷ್ ಆಡಿಸಿ ಮತ್ತೆ ಹಾಕೋದು. ಎಷ್ಟೋ ಸಲ ಅಷ್ಟಕ್ಕೇ ಎದ್ದು ಕೂಡುತ್ತದೆ. ನೀವೇ ಮಾಡುವುದಾದರೆ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣ ಮುಟ್ಟಿ. ಒಣ ಹವೆಯಲ್ಲಿ ಮೈಯಲ್ಲಿ ಕೂತ ಕರೆಂಟ್ ಚಿಪ್ಪಿಗೆ ಒಳ್ಳೆಯದಲ್ಲ, ಪಾಲಿಯೆಸ್ಟರ್ ಅಂಗಿ ಹಾಕಿದ್ದರೆ ಇನ್ನೂ ಜಾಸ್ತಿ.

2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಏರಿದ ಮೇಲಂತೂ ತಪ್ಪು ಸ್ಟಿಕ್ ಕೊಂಡರೆ ಜೇಬಿಗೆ ಚೆನ್ನಾಗೇ ಕತ್ತರಿ. ಎಐ ಸರ್ವರುಗಳಿಗೆ ಮೆಮೊರಿ ಮಾಡುವುದರಲ್ಲೇ ಕಾರ್ಖಾನೆಗಳು ಮುಳುಗಿವೆ, ನಮ್ಮಂಥ ಬಡಪಾಯಿಗಳ ಸ್ಟಿಕ್ಕಿಗೆ ಚಿಪ್ ಕಡಿಮೆ ಬಿದ್ದಿದೆ. ಅಂಗಡಿಗೆ ಬರುವಾಗ ಹಳೆಯ ಸ್ಟಿಕ್ಕಿನ ಚೀಟಿಯ ಫೋಟೋ ಒಂದು ಫೋನಿನಲ್ಲಿರಲಿ, ಬೋರ್ಡಿನ ಹೆಸರು ಇದ್ದರೆ ಇನ್ನೂ ಒಳ್ಳೆಯದು.

ಜೀನ್ಸ್ ಯೂನಿಟ್ಟಿನವರಿಗೆ ಕೊನೆಗೆ ಬೇರೆ ಲ್ಯಾಪ್‌ಟಾಪಿನಿಂದ ತೆಗೆದಿದ್ದ 8 ಜಿಬಿ ಡಿಡಿಆರ್3ಎಲ್ ಹಾಕಿಕೊಟ್ಟೆ. ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ಚುರುಕಾದ ಎಸ್‌ಎಸ್‌ಡಿ ಕೂಡ ಕೂಡಿಸಿದೆ. ನಿಜ ಹೇಳಬೇಕೆಂದರೆ ಅವರ ಚಹಾದ ಹೊತ್ತು ಉಳಿಸಿದ್ದು ರ‍್ಯಾಮಿಗಿಂತ ಅದೇ. ಆನ್‌ಲೈನಲ್ಲಿ ತರಿಸಿದ ಸ್ಟಿಕ್ ವಾಪಸ್ ಮಾಡುವ ದಿನ ದಾಟಿತ್ತು. ‘ನಿಮ್ಮ ಹತ್ರನೇ ಇರ್ಲಿ ಅಣ್ಣಾ, ಯಾರಿಗಾದ್ರೂ ಕೂಡಿದ್ರ ಕೊಡ್ರಿ’ ಅಂತ ಬಿಟ್ಟುಹೋದರು. ಹದಿನೈದು ದಿನಕ್ಕೆ ಗಿರಾಕಿ ಸಿಕ್ಕಿದರು. ಅವರದೇ ಗೆಳೆಯ, ಅದೇ 6ನೇ ಜನರೇಶನ್ ಐ5ನವರು.