ನೀರು ಬರುವ ಮೊದಲೇ ಖಾಲಿಯಾದ ಸೆಲ್

ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮ ಮನೆ. ನಲ್ಲಿ ನೀರು ದಿನಾ ಬರುವುದಿಲ್ಲ. ಬಂದರೂ ಎಷ್ಟೋ ಸಲ ಸರಿರಾತ್ರಿ. ಅಮ್ಮ ನಿದ್ದೆಗಣ್ಣಲ್ಲೇ ಎದ್ದು ಸಂಪಿನ ಹತ್ತಿರ ಹೋಗಿ ನೋಡಿ ಬರುತ್ತಿದ್ದಳು. ಅದನ್ನು ತಪ್ಪಿಸಬೇಕು ಅಂತ ಪೈಪಿನ ಬಾಯಿಯ ಕೆಳಗೆ ಒಂದು ತಟ್ಟೆ ಇಟ್ಟು, ಅದರಲ್ಲಿ ನೀರಿನ ಸೆನ್ಸಾರ್ ಇಟ್ಟೆ. ಅಂಗೈಯಲ್ಲಿ ಅಡಗುವಷ್ಟು ದುಂಡನೆ ಡಬ್ಬಿ ಅದು. ಅಡಿಯಲ್ಲಿ ಎರಡು ಲೋಹದ ಚುಕ್ಕಿಗಳಿವೆ. ಎರಡಕ್ಕೂ ನೀರು ತಾಗಿದರೆ ನಡುವೆ ಚೂರು ಕರೆಂಟ್ ಹರಿಯುತ್ತದೆ. ಸೆನ್ಸಾರ್ ಎಚ್ಚರವಾಗಿ ರೇಡಿಯೊದಲ್ಲಿ ಸುದ್ದಿ ಕಳಿಸುತ್ತದೆ. ನನ್ನ ಫೋನ್ ಕೂಗುತ್ತದೆ.

ಬ್ಯಾಟರಿ ಎರಡು ವರ್ಷ ಬರುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಮೂರು ತಿಂಗಳು ತುಂಬುವ ಮೊದಲೇ ಖಾಲಿ. ಹೊಸ ಸೆಲ್ ಹಾಕಿದೆ. ಅದೂ ಅಷ್ಟೇ ದಿನ ಬಂತು. ಆದರೆ ಅದೇ ದಿನ ಮುಂಬಾಗಿಲಿಗೆ ಹಾಕಿದ್ದ ಇನ್ನೊಂದು ಸೆನ್ಸಾರ್ ಮೊದಲಿನ ಸೆಲ್ಲಿನಲ್ಲೇ ಚೆನ್ನಾಗಿ ನಡೆಯುತ್ತಿತ್ತು. ಬಾಗಿಲು ದಿನಕ್ಕೆ ಐವತ್ತು ಸಲವಾದರೂ ತೆಗೆದು ಹಾಕುತ್ತೇವೆ. ನೀರು ಬರುವುದು ಯಾವಾಗಲೋ ಒಮ್ಮೆ. ಹಾಗಿದ್ದರೆ ಕಡಿಮೆ ಕೆಲಸದ ಸೆಲ್ ಮೊದಲು ಹೇಗೆ ಖಾಲಿಯಾಯಿತು?

ಒಂದಿಷ್ಟು ಲೆಕ್ಕ ಮಾಡೋಣ. ಎರಡರಲ್ಲೂ ಇರುವುದು ಸಿಆರ್2032 ಎಂಬ ಬಟನ್ ಸೆಲ್. ಈ ಹೆಸರಿನಲ್ಲೇ ಅದರ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 3 ವೋಲ್ಟ್ ಕೊಡುತ್ತದೆ. ಒಳಗಿರುವುದು ಸುಮಾರು 220 ಮಿಲಿಆಂಪಿಯರ್-ಗಂಟೆಯಷ್ಟು ಶಕ್ತಿ, ಅಂದರೆ ಒಂದು ಮಿಲಿಆಂಪಿಯರ್‌ನಂತೆ ಎಳೆದರೆ 220 ಗಂಟೆ ಬರುವಷ್ಟು. ಇದನ್ನು ಒಂದು ವರ್ಷಕ್ಕೆ ಸಮನಾಗಿ ಹಂಚಿದರೆ ಸರಾಸರಿ 25 ಮೈಕ್ರೋಆಂಪಿಯರ್ ಮಾತ್ರ ಬಳಸಬಹುದು. ಒಂದು ಮೈಕ್ರೋಆಂಪಿಯರ್ ಅಂದರೆ ಆಂಪಿಯರ್‌ನ ಹತ್ತು ಲಕ್ಷದಲ್ಲಿ ಒಂದು ಭಾಗ; ಅಂಥ ಸಾವಿರ ಸೇರಿದರೆ ಒಂದು ಮಿಲಿಆಂಪಿಯರ್. ಇಷ್ಟು ಸಣ್ಣ ಗಂಟಿನಲ್ಲಿ ವರ್ಷವಿಡೀ ಸಂಸಾರ ನಡೆಯಬೇಕು.

ನಡೆಯುತ್ತದೆ, ಯಾಕೆಂದರೆ ಸೆನ್ಸಾರ್ ಹೆಚ್ಚುಕಮ್ಮಿ ಇಡೀ ದಿನ ಮಲಗಿಯೇ ಇರುತ್ತದೆ. ಮಲಗಿದ್ದಾಗ ಸುಮಾರು 2 ಮೈಕ್ರೋಆಂಪಿಯರ್ ಸಾಕು. ಬರೀ ಮಲಗಿಯೇ ಇದ್ದರೆ ಲೆಕ್ಕದ ಪ್ರಕಾರ ಹನ್ನೆರಡು ವರ್ಷ ಬರಬೇಕು. ಖರ್ಚು ಇರುವುದು ಮಾತಾಡುವಾಗ. ಈ ಸೆನ್ಸಾರ್‌ಗಳು ಮಾತಾಡುವುದು ಜಿಗ್‌ಬೀ ಎಂಬ, ಕಡಿಮೆ ಕರೆಂಟ್ ಸಾಕಾಗುವ ರೇಡಿಯೊ ಪದ್ಧತಿಯಲ್ಲಿ. ಜಿಗ್‌ಬೀ ರೇಡಿಯೊ ಎದ್ದಾಗ ಸುಮಾರು 10 ಮಿಲಿಆಂಪಿಯರ್ ಎಳೆಯುತ್ತದೆ. ಅಂದರೆ ನಿದ್ದೆಯಲ್ಲಿದ್ದಾಗಿನ ಐದು ಸಾವಿರ ಪಟ್ಟು! ಆದರೆ ಒಂದು ಸುದ್ದಿ ಕಳಿಸಿ, 'ತಲುಪಿತು' ಎಂಬ ಉತ್ತರ ಪಡೆಯಲು ಸೆಕೆಂಡಿನ ಐವತ್ತರಲ್ಲೊಂದು ಭಾಗ ಸಾಕು. ನಿಮಿಷಕ್ಕೊಂದು ಸುದ್ದಿ ಕಳಿಸಿದರೂ ನಾಲ್ಕು ವರ್ಷಕ್ಕೆ ಮೋಸವಿಲ್ಲ. ಬಾಗಿಲಿನ ಸೆನ್ಸಾರ್ ಬಾಳಿಕೆ ಬಂದದ್ದು ಹೀಗೆ.

ವೈಫೈ ಸೆನ್ಸಾರ್‌ಗಳ ಕಥೆ ಬೇರೆ. ವೈಫೈ ಜೋಡಣೆಗೆ ಒಂದೆರಡು ಸೆಕೆಂಡಾದರೂ ಬೇಕು, ಆಗ ನೂರಾರು ಮಿಲಿಆಂಪಿಯರ್ ಬೇಕು. ಬಟನ್ ಸೆಲ್ಲಿಗೆ ಅಷ್ಟು ಕೊಡುವ ತಾಕತ್ತೇ ಇಲ್ಲ. ಅದಕ್ಕೇ ಅವುಗಳಿಗೆ ದೊಡ್ಡ ಬ್ಯಾಟರಿ ಬೇಕು.

ಮೂರನೇ ಸೆಲ್ ತರಲು ಮಂಡಿಪೇಟೆ ಕಡೆಯ ಗಡಿಯಾರದ ಅಂಗಡಿಗೆ ಹೋದೆ. ಹಳೆಯ ಸೆಲ್ಲನ್ನು ಮೀಟರ್‌ಗೆ ಹಿಡಿದರೆ 2.8 ವೋಲ್ಟ್ ತೋರಿಸಿತು. ಚೆನ್ನಾಗಿಯೇ ಇದೆಯಲ್ಲ ಅನ್ನಿಸಿತು. "ಮೀಟರ್ ನಂಬಬೇಡಿ ಸರ್, ಲೋಡ್ ಕೊಟ್ಟಾಗ ಕುಸಿಯುತ್ತೆ" ಎಂದರು ಅಂಗಡಿಯವರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಊರಿನ ಹಳೇ ಪೈಪುಗಳನ್ನು ನೆನಪಿಸಿಕೊಳ್ಳಿ. ಒಳಗೆಲ್ಲ ಉಪ್ಪು ಕಟ್ಟಿರುತ್ತದೆ. ಟ್ಯಾಂಕ್ ತುಂಬಿದ್ದರೂ ನಲ್ಲಿ ತಿರುಗಿಸಿದರೆ ದಾರದಷ್ಟೇ ನೀರು. ಸೆಲ್ ಹಳತಾದಂತೆ ಅದರೊಳಗಿನ ತಡೆಯೂ ಹೀಗೇ ಬೆಳೆಯುತ್ತದೆ. ಹೊಸದರಲ್ಲಿ ಹತ್ತಿಪ್ಪತ್ತು ಓಮ್ ಇದ್ದದ್ದು ಕೊನೆಗೆ ನೂರು ಓಮ್ ದಾಟಬಹುದು. ಆಗ ರೇಡಿಯೊ 10 ಮಿಲಿಆಂಪಿಯರ್ ಕೇಳಿದ ಕ್ಷಣ ಒಂದು ವೋಲ್ಟ್ ಒಳಗೇ ಕಳೆದುಹೋಗುತ್ತದೆ. ಉಳಿದದ್ದು ಚಿಪ್‌ಗೆ ಸಾಲದೆ ಸೆನ್ಸಾರ್ ಕಣ್ಣು ಮುಚ್ಚುತ್ತದೆ. ಲೋಡ್ ಇಲ್ಲದಿದ್ದಾಗ ಈ ಸೆಲ್ಲಿನ ವೋಲ್ಟೇಜ್ ಕೊನೆಯವರೆಗೂ 3ರ ಆಸುಪಾಸಿನಲ್ಲೇ ಇರುತ್ತದೆ. ಆ್ಯಪ್‌ನಲ್ಲಿ ನಿನ್ನೆ ನೂರು ಪರ್ಸೆಂಟ್, ಇವತ್ತು ಏನೂ ಇಲ್ಲ ಎಂದಾಗುವುದು ಇದರಿಂದಲೇ.

ಇನ್ನೊಂದು ಮಾತು ಹೇಳಲೇಬೇಕು. ತೆಗೆದ ಸೆಲ್ಲನ್ನು ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ. ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡುತ್ತದೆ. ಸತ್ತ ಸೆಲ್ಲಿನಲ್ಲೂ ಅದಕ್ಕೆ ಬೇಕಾದಷ್ಟು ಶಕ್ತಿ ಉಳಿದಿರುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು.

ಮನೆಗೆ ಬಂದು ಆ್ಯಪ್‌ನಲ್ಲಿ ದಾಖಲೆ ತೆಗೆದು ನೋಡಿದೆ. ನೀರಿನ ಸೆನ್ಸಾರ್ ಪ್ರತಿ ರಾತ್ರಿ ಹತ್ತರ ಹೊತ್ತಿಗೆ ಕಾಣೆ, ಬೆಳಿಗ್ಗೆ ಆರಕ್ಕೆ ವಾಪಸ್. ದಿನಾ ಇದೇ ಕಥೆ.

ಜಿಗ್‌ಬೀಯಲ್ಲಿ ಸಣ್ಣ ಸೆನ್ಸಾರ್ ದೂರದ ಹಬ್‌ಗೆ, ಅಂದರೆ ಎಲ್ಲ ಸೆನ್ಸಾರ್‌ಗಳ ಸುದ್ದಿ ಪಡೆದು ಫೋನಿಗೆ ಮುಟ್ಟಿಸುವ ಡಬ್ಬಿಗೆ, ನೇರವಾಗಿ ಕೂಗಬೇಕಿಲ್ಲ. ಕರೆಂಟ್‌ನಲ್ಲಿ ನಡೆಯುವ ಬಲ್ಬ್, ಪ್ಲಗ್‌ಗಳು ನಡುವೆ ನಿಂತು ಸುದ್ದಿ ದಾಟಿಸುತ್ತವೆ. ಸೆನ್ಸಾರ್ ಹತ್ತಿರದ ಒಂದನ್ನು ಹಿಡಿದುಕೊಂಡು ಅದರ ಜೊತೆ ಮಾತ್ರ ಮಾತಾಡುತ್ತದೆ. ನಮ್ಮ ನೀರಿನ ಸೆನ್ಸಾರ್ ಹಿಡಿದುಕೊಂಡಿದ್ದು ಅಂಗಳದ ಸ್ಮಾರ್ಟ್ ಬಲ್ಬನ್ನು. ಅಮ್ಮ ಮಲಗುವ ಮುಂಚೆ ಅದರ ಗೋಡೆ ಸ್ವಿಚ್ ಆರಿಸುತ್ತಿದ್ದಳು. ಸುಮ್ನೆ ಯಾಕೆ ಕರೆಂಟ್ ಉರಿಸೋದು ಅಂತ. ಅವಳದು ತಪ್ಪಲ್ಲ, ಯಾರ ಮನೆಯಲ್ಲಾದರೂ ಹೀಗೇ ತಾನೆ?

ಸ್ವಿಚ್ ಆರಿಸಿದರೆ ಸೆನ್ಸಾರ್‌ಗೆ ದಿಕ್ಕೇ ಇಲ್ಲ. ಕೂಗಿದರೆ ಉತ್ತರವಿಲ್ಲ. ಆಗ ಅದು ಹೊಸ ಆಸರೆ ಹುಡುಕಲು ಹೊರಡುತ್ತದೆ. ಈ ರೇಡಿಯೊಗೆ 16 ಚಾನೆಲ್‌ಗಳಿವೆ. ಒಂದೊಂದರಲ್ಲೂ ಕೂಗಿ, ಯಾರಾದರೂ ಓಗೊಡುತ್ತಾರಾ ಎಂದು ಕಿವಿಗೊಟ್ಟು ಕಾಯಬೇಕು. ರೇಡಿಯೊಗೆ ಕೇಳಿಸಿಕೊಳ್ಳುವುದೂ ಮಾತಾಡಿದಷ್ಟೇ ದುಬಾರಿ. ಒಂದು ಸುತ್ತಿಗೆ ಎರಡು ಸೆಕೆಂಡ್ ಹಿಡಿದರೆ, ನೂರು ಸುದ್ದಿ ಕಳಿಸಿದಷ್ಟು ಖರ್ಚು. ಒಳ್ಳೆಯ ಸೆನ್ಸಾರ್‌ಗಳು ನಾಲ್ಕಾರು ಸಲ ಸೋತ ಮೇಲೆ ಹುಡುಕಾಟದ ನಡುವಿನ ಬಿಡುವನ್ನು ಹೆಚ್ಚಿಸುತ್ತವೆ. ಕೆಲವು ಪಟ್ಟು ಬಿಡುವುದಿಲ್ಲ. ನಿಮಿಷಕ್ಕೊಂದು ಸುತ್ತಿನಂತೆ ಎಂಟು ಗಂಟೆ ಹುಡುಕಿದರೆ ಒಂದು ರಾತ್ರಿಗೆ ಸುಮಾರು 2.7 ಮಿಲಿಆಂಪಿಯರ್-ಗಂಟೆ ಹೋಗುತ್ತದೆ. 220ನ್ನು ಅದರಿಂದ ಭಾಗಿಸಿ ನೋಡಿ. ಎಂಬತ್ತು ರಾತ್ರಿ ಚಿಲ್ಲರೆ. ನಮ್ಮ ಸೆಲ್ ಬಂದದ್ದೂ ಅಷ್ಟೇ ದಿನ! ಆ ಲೆಕ್ಕ ಕೂಡಿಬಂದಾಗ ಆದ ಖುಷಿ ಇನ್ನೂ ನೆನಪಿದೆ.

ಸೆಲ್ಲಿನ ಕಂಪನಿ ಬದಲಾಯಿಸಿದ್ದರೂ ಏನೂ ಪ್ರಯೋಜನವಾಗುತ್ತಿರಲಿಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುವ ನಮ್ಮಂಥ ಊರುಗಳಲ್ಲಿ ಇದು ಯಾರ ಮನೆಯಲ್ಲಾದರೂ ಆಗಬಹುದು. ಹಬ್ಬೂ ನಡುವಿನ ಬಲ್ಬ್, ಪ್ಲಗ್‌ಗಳೂ ಆರಿಹೋದರೆ ಮನೆಯ ಎಲ್ಲ ಸೆನ್ಸಾರ್‌ಗಳೂ ಒಟ್ಟಿಗೆ ಹುಡುಕಾಟಕ್ಕೆ ಬೀಳುತ್ತವೆ.

ಅಂಗಳಕ್ಕೆ ಮಾಮೂಲಿ ಎಲ್‌ಇಡಿ ಬಲ್ಬ್ ಹಾಕಿದೆ. ಅಡುಗೆಮನೆ ಕಿಟಕಿಯ ಪಕ್ಕ, ಯುಪಿಎಸ್ ಲೈನಿನಲ್ಲಿ ಒಂದು ಜಿಗ್‌ಬೀ ಪ್ಲಗ್ ಕೂರಿಸಿದೆ. ಹಬ್ ಮತ್ತು ವೈಫೈ ರೂಟರನ್ನೂ ಅದೇ ಲೈನಿಗೆ ತಂದೆ. ನೀರಿನ ಸೆನ್ಸಾರನ್ನು ಹಬ್‌ನಿಂದ ತೆಗೆದು, ಆ ಪ್ಲಗ್ಗಿನ ಪಕ್ಕವೇ ಇಟ್ಟು ಮತ್ತೆ ಸೇರಿಸಿದೆ. ಸೆಲ್ ಹಾಕಿದ ತಾರೀಕನ್ನು ಚೂರು ಟೇಪಿನ ಮೇಲೆ ಬರೆದು ಅದರ ಬೆನ್ನಿಗೆ ಅಂಟಿಸಿದ್ದೇನೆ. ಇವತ್ತಿಗೆ ಒಂಬತ್ತು ತಿಂಗಳು.

ಮೊನ್ನೆ ರಾತ್ರಿ ಬಡಾವಣೆಗೆಲ್ಲ ಕರೆಂಟ್ ಇರಲಿಲ್ಲ. ಮೂರೂವರೆಗೆ ಫೋನ್ ಕೂಗಿತು. ಟಾರ್ಚ್ ಹಿಡಿದು ಹೋದರೆ ಸಂಪಿಗೆ ನೀರು ಬೀಳುತ್ತಿತ್ತು. ಅಮ್ಮ ಮಲಗೇ ಇದ್ದಳು.